ನೆಲದಡಿಯ ಊಟ

ಪ್ರವೇಶ: ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕ ಕಂಡೊಡನೆ ‘ಪಾಠ ಬಿಟ್ಟು ಇದೇನು?’ ಎಂದು ಗದರಿಸುವ ಹಿರಿಯರು ಎಲ್ಲ ಊರುಗಳಲ್ಲೂ ಇರುತ್ತಾರೆ. ಈ ಪಾಠವನ್ನು ಬರೆದ ಶಿಕ್ಷಕನೂ ಅಂತಹವರಲ್ಲಿ ಒಬ್ಬನಾಗಿದ್ದವನು. ಜಪಾನಿನ ಒಂದು ಚಿತ್ರಕಥೆಯನ್ನು ಊಟಿಯ ಮನೆಯೊಂದರಲ್ಲಿ ಕನ್ನಡಕ್ಕೆ ತಂದುಕೊಂಡು ಓದಿದ ಅನುಭವ ಇಲ್ಲಿದೆ.

ಕಳೆದ ಆಷಾಢದಲ್ಲಿ ನಾನು ನಾಲ್ಕು ದಿನದ ಮಟ್ಟಿಗೆ ಊಟಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ನನ್ನ ಊರು ತಾಳವಾಡಿಯ ಕಡೆ. ಅಲ್ಲಿಂದ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ದಾಟಿ, ತೆಪ್ಪಕಾಡಿನಲ್ಲಿ ಮಸಿನಗುಡಿಯ ದಾರಿಗೆ ತಿರುಗಿಕೊಂಡರೆ ಕಲ್ಲಟ್ಟಿ ಘಾಟಿಯ 36 ತಿರುವುಗಳು ಎದುರಾಗುತ್ತವೆ. ಅವನ್ನು ಹತ್ತಿ ಮುಗಿಸಿದಾಗ ಊಟಿ ಮೋಡದೊಳಗೆ ಅಡಗಿತ್ತು. ಮೂರು ದಿನ ಮಳೆ ಬಿಡಲಿಲ್ಲ. ಹೊರಗೆ ಕಾಲಿಡುವಂತಿರಲಿಲ್ಲ. ಹೀಗಾಗಿ ಮನೆಯಲ್ಲಿ ನಾವು ಮೂವರೇ ಒಲೆಯ ಹತ್ತಿರ ಕುಳಿತಿರುತ್ತಿದ್ದೆವು: ಎಂಬತ್ತು ದಾಟಿದ ನನ್ನ ಅವ್ವ, ಒಂಬತ್ತನೆಯ ತರಗತಿಯಲ್ಲಿ ಓದುವ ತಂಗಿಯ ಮಗಳು ಮತ್ತು ನಾನು.

ಆ ಹುಡುಗಿಯ ಕೈಯಲ್ಲಿ ಒಂದು ಪುಸ್ತಕವಿತ್ತು. ನೋಡಿದರೆ ಅದನ್ನು ಕೊನೆಯ ಪುಟದಿಂದ ಆರಂಭಿಸಿದ್ದಳು! ಕಥೆಯ ಕೊನೆಯನ್ನು ಮೊದಲೇ ತಿಳಿದುಕೊಳ್ಳುವ ಚಪಲ ಎಂದು ನಾನು ಭಾವಿಸಿದೆ.

“ಏನವ್ವಾ, ಹಿಂದಿನಿಂದ ಓದುತ್ತಿದ್ದೀಯಲ್ಲ?” ಎಂದೆ.

“ಇಲ್ಲ ಮಾವ, ಇದು ಶುರುವಾಗುವುದೇ ಇಲ್ಲಿಂದ. ನೀವೇ ತಿರುಗಾಮುರುಗಾ ಹಿಡಿದುಕೊಂಡು ಓದುತ್ತೀರಿ ಅಂತ ಜಪಾನಿನವರು ಹೇಳುತ್ತಾರೆ” ಎಂದು ನಕ್ಕಳು.

ಅದು ಜಪಾನಿನ ಮಾಂಗಾ. ಆ ದೇಶದಲ್ಲಿ ಚಿತ್ರಕಥೆಗಳನ್ನು ಹೀಗೆ ಕರೆಯುತ್ತಾರೆ. ಜಪಾನೀ ಬರಹವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆದು, ಸಾಲುಗಳನ್ನು ಬಲದಿಂದ ಎಡಕ್ಕೆ ಜೋಡಿಸುವುದು ಹಳೆಯ ಪದ್ಧತಿ. ಆದುದರಿಂದ ಚಿತ್ರಗಳ ಚೌಕಗಳೂ ಬಲದಿಂದ ಎಡಕ್ಕೆ ಸಾಗುತ್ತವೆ. ಇಂಗ್ಲಿಷಿಗೆ ಅನುವಾದ ಮಾಡುವವರು ಮಾತುಗಳನ್ನು ಮಾತ್ರ ಬದಲಾಯಿಸಿ ಪುಟಗಳ ಕ್ರಮವನ್ನು ಹಾಗೆಯೇ ಉಳಿಸಿರುತ್ತಾರೆ. ‘ಮಾಂಗಾ’ ಎಂಬ ಹೆಸರೇನೂ ಹೊಸದಲ್ಲ. ಹೊಕುಸಾಯ್ ಎಂಬ ಪ್ರಸಿದ್ಧ ಚಿತ್ರಕಾರನು 1814ರಲ್ಲಿಯೇ ತನ್ನ ರೇಖಾಚಿತ್ರಗಳ ಸಂಪುಟಕ್ಕೆ ಈ ಹೆಸರಿಟ್ಟಿದ್ದನು. ಕಳೆದ ಶತಮಾನದಲ್ಲಿ ಒಸಾಮು ತೆಜುಕಾ ಎಂಬವರು ಮಾಂಗಾವನ್ನು ದೊಡ್ಡ ಕಥೆಗಳನ್ನು ಹೇಳುವ ಕಲೆಯಾಗಿ ಬೆಳೆಸಿದರು. ನಮ್ಮ ಗೌತಮ ಬುದ್ಧನ ಜೀವನವನ್ನು ಆಧರಿಸಿಯೂ ಅವರೊಂದು ದೀರ್ಘ ಚಿತ್ರಕಥೆ ರಚಿಸಿದ್ದಾರೆ.

ಹುಡುಗಿಯ ಕೈಯಲ್ಲಿದ್ದ ಪುಸ್ತಕದ ಇಂಗ್ಲಿಷ್ ಹೆಸರು ‘ಡೆಲಿಶಸ್ ಇನ್ ಡಂಜನ್’. ಜಪಾನೀ ಹೆಸರು ‘ಡಂಜನ್ ಮೆಶಿ’. ಬರೆದು ಚಿತ್ರಿಸಿದವರು ರ್ಯೋಕೊ ಕುಯಿ ಎಂಬ ಲೇಖಕಿ. 2014ರಿಂದ 2023ರವರೆಗೆ ‘ಹಾರ್ತಾ’ ಎಂಬ ಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಪ್ರಕಟವಾಯಿತು. 97 ಅಧ್ಯಾಯಗಳು 14 ಸಂಪುಟಗಳಾಗಿ ಬಂದಿವೆ. 2024ರಲ್ಲಿ 24 ಕಂತುಗಳ ಚಲಿಸುವ ಚಿತ್ರಗಳಾಗಿಯೂ ಬಂದಿತು.

ಪತ್ರಿಕೆಯ ಧಾರಾವಾಹಿ ಎಂದೊಡನೆ ನನಗೆ ನೆನಪಾದುದು ‘ಚಂದಮಾಮ’. ಮದ್ರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಆ ಮಾಸಪತ್ರಿಕೆ 1949ರಿಂದ ಕನ್ನಡದಲ್ಲಿಯೂ ಬರತೊಡಗಿತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸುತ್ತಲೂ ಸ್ಮಶಾನ; ಹೀಗೆ ನಡೆದು ಬರುವ ವಿಕ್ರಮರಾಜನ ಚಿತ್ರವನ್ನು ನನ್ನ ವಯಸ್ಸಿನವರು ಮರೆಯಲಾರರು. ಅದನ್ನು ಬರೆದ ಶಂಕರ್ ಅವರು ತಮಿಳುನಾಡಿನವರೇ. 1952ರಲ್ಲಿ ಪತ್ರಿಕೆಗೆ ಸೇರಿದ ಅವರು 2020ರಲ್ಲಿ ತೀರಿಕೊಂಡರು. ಚಂದಮಾಮ ಈಗ ಬರುತ್ತಿಲ್ಲ. ಇನ್ನೊಂದು ಸಂಗತಿ: ಇಡೀ ಭಾರತದ ಮಕ್ಕಳು ಓದಿದ ‘ಅಮರ ಚಿತ್ರಕಥೆ’ ಮಾಲೆ ಮೊತ್ತಮೊದಲು 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಆರಂಭವಾಯಿತು. ಚಿತ್ರದ ಜೊತೆಗೆ ಕಥೆ ಓದುವುದು ಕನ್ನಡದವರಿಗೆ ಹೊರಗಿನ ವಿದ್ಯೆಯಲ್ಲ.

ಇರಲಿ, ಕಥೆಗೆ ಬರೋಣ.

ಒಂದು ದ್ವೀಪದ ಹಳ್ಳಿ. ಅಲ್ಲಿಯ ಹಳೆಯ ಸಮಾಧಿ ಸ್ಥಳದ ನೆಲಮಾಳಿಗೆಯ ಗೋಡೆ ಒಂದು ದಿನ ಒಡೆಯುತ್ತದೆ. ಒಳಗಿನಿಂದ ಒಬ್ಬ ಮನುಷ್ಯ ಹೊರಗೆ ಬಂದು, ತಾನು ಮುಳುಗಿಹೋದ ರಾಜ್ಯವೊಂದರ ಅರಸನೆಂದೂ, ಆಳದಲ್ಲಿರುವ ಹುಚ್ಚು ಮಾಂತ್ರಿಕನನ್ನು ಸೋಲಿಸಿದವರಿಗೆ ತನ್ನದೆಲ್ಲವೂ ಸಲ್ಲುತ್ತದೆಂದೂ ಹೇಳಿ ಧೂಳಾಗಿ ಉದುರಿಹೋಗುತ್ತಾನೆ. ಅಂದಿನಿಂದ ದೂರದೂರದ ಸಾಹಸಿಗಳು ಗುಂಪು ಕಟ್ಟಿಕೊಂಡು ಆ ಪಾತಾಳಕ್ಕೆ ಇಳಿಯುತ್ತಾರೆ. ಅದು ಒಂದರ ಕೆಳಗೆ ಒಂದರಂತೆ ಅಂತಸ್ತುಗಳಿರುವ ಚಕ್ರವ್ಯೂಹ. ಪ್ರತಿ ಅಂತಸ್ತಿನಲ್ಲಿಯೂ ಬೇರೆ ಬೇರೆ ವಿಚಿತ್ರ ಪ್ರಾಣಿಗಳಿವೆ.

ಲಾಯೊಸ್ ಎಂಬ ಯೋಧನ ಗುಂಪು ತಳದ ಹತ್ತಿರ ಕೆಂಪು ಘಟಸರ್ಪವನ್ನು ಎದುರಿಸುತ್ತದೆ. ಅಷ್ಟರಲ್ಲಿ ಅವರ ಬುತ್ತಿ ಮುಗಿದಿರುತ್ತದೆ. ಹಸಿವಿನಿಂದ ಕೈಕಾಲು ಆಡುವುದಿಲ್ಲ. ಸೋಲು ಖಚಿತವಾದಾಗ ಲಾಯೊಸನ ತಂಗಿ ಫಾಲಿನ್ ಅಣ್ಣನನ್ನು ಪಕ್ಕಕ್ಕೆ ತಳ್ಳಿ, ತಾನು ಘಟಸರ್ಪದ ಬಾಯಿಗೆ ಸಿಕ್ಕಿ, ಕೊನೆಯ ಗಳಿಗೆಯಲ್ಲಿ ಮಂತ್ರ ಹೇಳಿ ಉಳಿದವರನ್ನೆಲ್ಲ ನೆಲದ ಮೇಲಕ್ಕೆ ಸಾಗಿಸುತ್ತಾಳೆ. ಆ ಪಾತಾಳದಲ್ಲಿ ಸತ್ತವರನ್ನು ಮಂತ್ರದಿಂದ ಬದುಕಿಸಬಹುದು. ಘಟಸರ್ಪಕ್ಕೆ ತಿಂದದ್ದು ಅರಗಲು ಬಹಳ ಕಾಲ ಬೇಕು. ಅಷ್ಟರೊಳಗೆ ಹೋಗಿ ಸೇರಿದರೆ ತಂಗಿಯನ್ನು ಉಳಿಸಬಹುದು. ಆದರೆ ಕೈಯಲ್ಲಿ ಕಾಸಿಲ್ಲ. ಬುತ್ತಿ ಕಟ್ಟಿಕೊಳ್ಳದೆ ಅಷ್ಟು ಆಳಕ್ಕೆ ಇಳಿಯುವುದು ಹೇಗೆ?

ಆಗ ಲಾಯೊಸ್ ಹೇಳುತ್ತಾನೆ: ದಾರಿಯಲ್ಲಿ ಎದುರಾಗುವ ಪ್ರಾಣಿಗಳನ್ನೇ ಬೇಯಿಸಿ ತಿನ್ನೋಣ.

ಅವನ ಜೊತೆ ಉಳಿಯುವವರು ಇಬ್ಬರೇ. ಒಬ್ಬಳು ಮಾರ್ಸಿಲ್. ಉದ್ದ ಕಿವಿಯ, ದೀರ್ಘಾಯುಸ್ಸಿನ ಎಲ್ಫ್ ಕುಲದವಳು. ಬಹಳ ಓದಿದ ಮಾಂತ್ರಿಕಳು. ಇನ್ನೊಬ್ಬನು ಚಿಲ್ಚಕ್. ನೋಡಲು ಸಣ್ಣ ಹುಡುಗನಂತೆ, ಆದರೆ ವಯಸ್ಸಾದವನು. ಬೀಗ ತೆಗೆಯುವುದರಲ್ಲಿ, ಗುಪ್ತ ಬಲೆಗಳನ್ನು ಕಂಡುಹಿಡಿಯುವುದರಲ್ಲಿ ನಿಪುಣ. ನಡೆದಾಡುವ ಅಣಬೆಯನ್ನೂ ದೊಡ್ಡ ಚೇಳನ್ನೂ ಹಿಡಿದು, ಬೇಯಿಸುವುದು ತಿಳಿಯದೆ ಒದ್ದಾಡುತ್ತಿರುವಾಗ ಸೆನ್ಶಿ ಎಂಬ ಗಡ್ಡದ ಕುಳ್ಳ ಬಂದು ಸೇರುತ್ತಾನೆ. ಅವನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಾತಾಳದಲ್ಲಿಯೇ ಬದುಕಿ ಅಲ್ಲಿಯ ಅಡುಗೆಯನ್ನು ಕಲಿತವನು. ಮುಂದೆ ಏನಾಯಿತೆಂದು ನಾನು ಹೇಳುವುದಿಲ್ಲ.

ಮೊದಲನೆಯ ದಿನ ನಾನು ಎರಡು ಸಂಪುಟಗಳನ್ನು ಒಂದು ಗಂಟೆಯಲ್ಲಿ ಓದಿ ಮುಗಿಸಿ ಪಕ್ಕಕ್ಕಿಟ್ಟೆ. “ಅಷ್ಟೇನಾ? ಇದರಲ್ಲಿ ಓದುವುದಕ್ಕೆ ಏನಿದೆ?” ಎಂದೆ.

ಹುಡುಗಿ ಎರಡನೆಯ ಸಂಪುಟದ ಒಂದು ಅಧ್ಯಾಯವನ್ನು ತೆರೆದಳು. ಅಲ್ಲಿ ಹಳೆಯ ಅರಮನೆಯ ಗೋಡೆಗಳಲ್ಲಿ ಜೀವಂತ ವರ್ಣಚಿತ್ರಗಳು ತೂಗಿರುತ್ತವೆ. ಹಸಿದ ಲಾಯೊಸ್, ಚಿತ್ರದಲ್ಲಿ ಬಡಿಸಿಟ್ಟ ಭೋಜನವನ್ನು ತಿನ್ನಬಹುದೆಂದು ಚಿತ್ರದೊಳಗೆ ಹೋಗುತ್ತಾನೆ. ಒಂದು ಚಿತ್ರದಲ್ಲಿ ಮಗು ಹುಟ್ಟಿದ ಸಂಭ್ರಮ, ಒಂದರಲ್ಲಿ ಮದುವೆ, ಒಂದರಲ್ಲಿ ಪಟ್ಟಾಭಿಷೇಕ. ತಿಂದು ಹೊರಗೆ ಬಂದರೆ ಹೊಟ್ಟೆ ಮೊದಲಿನ ಹಾಗೆಯೇ ಖಾಲಿ! ಇದನ್ನು ನಾನೂ ಓದಿ ನಕ್ಕಿದ್ದೆ.

“ಮೂರು ಚಿತ್ರಗಳಲ್ಲಿಯೂ ಇದ್ದವರು ಯಾರು ಮಾವ?” ಎಂದು ಕೇಳಿದಳು.

ನನಗೆ ಗೊತ್ತಾಗಲಿಲ್ಲ. ಪುನಃ ನೋಡಿದೆ. ಮಗು ಬೆಳೆದು ವರನಾಗಿದ್ದಾನೆ, ವರನು ಅರಸನಾಗಿದ್ದಾನೆ. ಆದರೆ ಒಬ್ಬ ಎಲ್ಫ್ ಮಾತ್ರ ಎಲ್ಲ ಚಿತ್ರಗಳಲ್ಲಿಯೂ ಒಂದೇ ವಯಸ್ಸಿನಲ್ಲಿ ನಿಂತು, ಆಹ್ವಾನವಿಲ್ಲದೆ ಬಂದ ಲಾಯೊಸನನ್ನು ದುರುಗುಟ್ಟಿ ನೋಡುತ್ತಿದ್ದಾನೆ. ಇಡೀ ಕಥೆಯ ಬೀಗದ ಕೈ ಅಲ್ಲಿಯೇ ಇತ್ತು. ನಾನು ಗುಳ್ಳೆಗಳೊಳಗಿನ ಮಾತುಗಳನ್ನಷ್ಟೇ ಓದುತ್ತ ಸಾಗಿದ್ದೆ. ಅವಳು ಒಂದು ಪುಟಕ್ಕೆ ನಾನು ಹತ್ತು ಪುಟಕ್ಕೆ ತೆಗೆದುಕೊಂಡಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬಿಳಿಯ ಓಣಿಯೊಂದಿರುತ್ತದೆ. ಕತ್ತಿ ಎತ್ತಿದ ಚಿತ್ರ ಒಂದು ಕಡೆ, ಪಾತ್ರೆಯಲ್ಲಿ ಬೇಯುವ ಮಾಂಸ ಇನ್ನೊಂದು ಕಡೆ. ನಡುವೆ ನಡೆದದ್ದನ್ನೆಲ್ಲ ಓದುವವರೇ ಆ ಓಣಿಯಲ್ಲಿ ನಿಂತು ಊಹಿಸಬೇಕು. ನನಗೆ ನಿಲ್ಲುವ ತಾಳ್ಮೆಯಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ, ತರಗತಿಯಲ್ಲಿ ಪುಸ್ತಕದ ಮರೆಯಲ್ಲಿ ತಮಿಳು ಚಿತ್ರಕಥೆಯೊಂದನ್ನು ಓದುತ್ತಿದ್ದ ಹುಡುಗನಿಂದ ನಾನು ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಪಾಠ ಓದಲು ತಡವರಿಸುತ್ತಿದ್ದ ಹುಡುಗ ಅವನು. ಆ ಪುಸ್ತಕವನ್ನು ಮಾತ್ರ ಕಣ್ಣು ಕೀಳದೆ ಓದುತ್ತಿದ್ದ. ವರ್ಷದ ಕೊನೆಯಲ್ಲಿ ಹಿಂದಿರುಗಿಸೋಣವೆಂದು ಕರೆಸಿದರೆ ಅವನು ಶಾಲೆ ಬಿಟ್ಟು ತಿರುಪ್ಪೂರಿಗೆ ಕೆಲಸಕ್ಕೆ ಹೋಗಿದ್ದ. ಪುಸ್ತಕ ಇನ್ನೂ ನನ್ನ ಬಳಿಯೇ ಇದೆ.

ಎರಡನೆಯ ದಿನ ಮಳೆ ಇನ್ನೂ ಜೋರಾಯಿತು. ಅವ್ವನಿಗೆ ಕಣ್ಣಿನ ಪೊರೆ, ಓದಲು ಆಗದು. ಇಂಗ್ಲಿಷ್ ಮೊದಲೇ ಬಾರದು. “ಇಬ್ಬರೂ ಪುಸ್ತಕದೊಳಕ್ಕೆ ಮೂತಿ ಇಟ್ಕಂಡು ಕೂತಿದ್ದೀರಲ್ಲ, ನನಗೂ ಒಂದಿಷ್ಟು ಹೇಳ್ರಪ್ಪ” ಎಂದಳು. ಹೇಳಲು ಹೊರಟಾಗ ತೊಡಕು ಶುರುವಾಯಿತು.

ನನ್ನ ಸೊಸೆಯ ಕನ್ನಡವನ್ನು ಕುರಿತು ಒಂದು ಮಾತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ಬಡಗ ಮಾತು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು. ಆದರೆ ‘ನನಗೆ ಕನ್ನಡ ಬರುವುದಿಲ್ಲ ಮಾವ, ಬರೀ ಮಾತಾಡುತ್ತೇನೆ’ ಎನ್ನುವುದು ಅವಳ ಅಭ್ಯಾಸ. ನಮ್ಮ ರಾಜ್ಯದ ಕನ್ನಡ ಮಕ್ಕಳು ಹಲವರು ಹೀಗೆಯೇ ಹೇಳುತ್ತಾರೆ.

ಮಾಂಗಾದಲ್ಲಿ ಸದ್ದುಗಳು ಮಾತಿನ ಗುಳ್ಳೆಯೊಳಗೆ ಇರುವುದಿಲ್ಲ. ಅವು ಚಿತ್ರದ ಭಾಗವಾಗಿ, ದೊಡ್ಡದಾಗಿ, ಬಾಗಿ, ಬಳುಕಿ, ನಡುಗಿ ಬರೆಯಲ್ಪಟ್ಟಿರುತ್ತವೆ. ಈ ಪುಸ್ತಕದಲ್ಲಿ ಜಪಾನೀ ಅಕ್ಷರಗಳನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಸಣ್ಣದಾಗಿ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟಿದ್ದರು. ಪಾತ್ರೆಯಲ್ಲಿ ಸಾರು ಕುದಿಯುವ ಸದ್ದಿಗೆ ಜಪಾನಿನವರು ‘ಗುತ್ಸುಗುತ್ಸು’ ಎನ್ನುತ್ತಾರೆ.

“ಇದನ್ನು ಅಜ್ಜಿಗೆ ಹೇಗೆ ಹೇಳುವುದು ಮಾವ?”

ನಾನು ಬಾಯಿ ತೆರೆಯುವ ಮೊದಲೇ ಅವಳೇ, “ಕೊತಕೊತ! ಕೊತಕೊತ ಕುದೀತಾ ಇತ್ತು ಅಜ್ಜಿ” ಎಂದಳು.

ನೀವು ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬ ಪಾಠ ಓದಿರುತ್ತೀರಿ. ಪಟಪಟ, ಸರಸರ, ದಡದಡ ಎಂದು ನಾಲ್ಕು ಉದಾಹರಣೆ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆಯುತ್ತೇವೆ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅದನ್ನು ಕಲಿಸಿದವನು ನಾನು. ಆ ಮಧ್ಯಾಹ್ನ ಒಂದು ಹುಡುಗಿ ಅಜ್ಜಿಯ ಒಲೆಯ ಮುಂದೆ ಕಲಿತ ಸದ್ದುಗಳನ್ನು ಒಂದೊಂದಾಗಿ ಹೊರಗೆ ತೆಗೆದಾಗಲೇ ಆ ಅಧ್ಯಾಯದಲ್ಲಿ ಎಷ್ಟು ಇದೆ ಎಂದು ನನಗೆ ತಿಳಿದದ್ದು. ಬಾಣಲೆಗೆ ಹಿಟ್ಟು ಬಿಟ್ಟಾಗ ‘ಚುಂಯ್’. ಒಗ್ಗರಣೆಯ ಸಾಸಿವೆ ‘ಚಟಪಟ’. ಸುಟ್ಟ ಮಾಂಸದ ಪರಿಮಳ ‘ಘಮಘಮ’. ಹಸಿದವನು ನೀರು ಕುಡಿದರೆ ‘ಗಟಗಟ’. ಗಟ್ಟಿಯಾದದ್ದನ್ನು ಕಡಿದರೆ ‘ಕಟುಂ’. ಹೆದರಿದ ಎದೆಗೆ ಜಪಾನಿನವರು ‘ದೊಕಿದೊಕಿ’ ಎಂದರೆ ನಾವು ‘ಡವಡವ’ ಎನ್ನುತ್ತೇವೆ. ಹೊಳೆಯುವ ನಾಣ್ಯಗಳ ರಾಶಿಗೆ ಅವರದು ‘ಕಿರಕಿರ’. ಅದನ್ನು ಕೇಳಿ ಅವ್ವ, “ಹೊಳಿಯಾದಕ್ಕೆ ಯಾಕೆ ಕಿರಿಕಿರಿ?” ಎಂದು ನಕ್ಕಳು. ನಮಗೆ ಅದು ‘ಥಳಥಳ’. (ಆ ನಾಣ್ಯಗಳು ನಾಣ್ಯಗಳೇ ಅಲ್ಲ, ಒಡವೆಯ ವೇಷ ಹಾಕಿ ಕುಳಿತ ಹುಳುಗಳು ಎಂಬುದು ಮುಂದಿನ ಪುಟದಲ್ಲಿ ತಿಳಿಯುತ್ತದೆ. ಸಾಹಸಿಗಳು ಅವನ್ನೂ ಬಿಡುವುದಿಲ್ಲ.)

ಇಂಗ್ಲಿಷಿನಲ್ಲಿ ಇಂತಹ ಪದಗಳು ಇಲ್ಲವೆಂದಲ್ಲ. ಆದರೆ ಒಂದೇ ಪದವನ್ನು ಎರಡು ಸಲ ಹೇಳಿ ಸದ್ದನ್ನೂ ಹೊಳಪನ್ನೂ ವಾಸನೆಯನ್ನೂ ಕಣ್ಣಮುಂದೆ ತರುವ ಅಭ್ಯಾಸದಲ್ಲಿ ಜಪಾನೀ ಭಾಷೆಗೆ ಕನ್ನಡವೇ ಹತ್ತಿರ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ, ನಾವು ನಡುವಿನ ಊರನ್ನು ಬಿಟ್ಟು ನೇರವಾಗಿ ಜಪಾನಿಗೆ ಹೋಗಿ ಬರುತ್ತಿದ್ದೇವೆ ಅನ್ನಿಸುತ್ತಿತ್ತು.

ಒಂದು ಪದ ಮಾತ್ರ ನಮ್ಮನ್ನು ಬಹಳ ಹೊತ್ತು ತಡೆಯಿತು. ಏನೂ ಸದ್ದಿಲ್ಲದ ಸ್ಥಿತಿಗೂ ಮಾಂಗಾದಲ್ಲಿ ಒಂದು ಸದ್ದು ಇದೆ: ‘ಶೀ..ನ್’. ಖಾಲಿ ಹಜಾರದ ಚಿತ್ರ ಬಿಡಿಸಿ ಅದರ ಮೇಲೆ ಹೀಗೆ ಬರೆಯುತ್ತಾರೆ. ಸದ್ದಿಲ್ಲದ್ದಕ್ಕೆ ಸದ್ದು ಎಲ್ಲಿಂದ ತರುವುದು? ‘ನಿಶ್ಶಬ್ದ’ ಎಂದೆ. ಹುಡುಗಿ ಒಪ್ಪಲಿಲ್ಲ. “ಅದು ಪುಸ್ತಕದ ಮಾತು ಮಾವ, ಸದ್ದಲ್ಲ” ಎಂದಳು. ಅವ್ವನನ್ನು ಕೇಳಿದೆವು. “ಯಾರೂ ಇಲ್ದಿರೋ ಮನೆ ಹೆಂಗಿರ್ತದೆ? ಬಿಕೋ ಅಂತದೆ” ಎಂದಳು. ಅಲ್ಲಿಗೆ ಮುಗಿಯಿತು. ಮತ್ತೆ ಅವಳೇ, “ಕತ್ತಲಾಗಿದ್ರೆ ಗವ್ ಅಂತದೆ” ಎಂದು ಸೇರಿಸಿದಳು. ಗವ್ವೆನ್ನುವ ಕತ್ತಲೆ! ಕತ್ತಲೆಗೂ ಸದ್ದು ಕೊಟ್ಟ ಭಾಷೆ ನಮ್ಮದು ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಸಂಜೆಗೆ ಮೂಲ ಪ್ರಶ್ನೆಗೇ ಬಂದೆವು. ‘ಡಂಜನ್’ ಎಂಬುದಕ್ಕೆ ಕನ್ನಡದಲ್ಲಿ ಏನು ಹೇಳುವುದು? ಇಂಗ್ಲಿಷಿನಲ್ಲಿ ಇದರ ಅರ್ಥ ಕೋಟೆಯ ನೆಲದಡಿಯ ಸೆರೆಮನೆ. ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋದವರು ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆಯನ್ನು ನೋಡಿರಬಹುದು. ಟಿಪ್ಪುವಿನ ಕಾಲದಲ್ಲಿ ಇಂಗ್ಲಿಷ್ ಅಧಿಕಾರಿಗಳನ್ನು ಕೂಡಿಹಾಕಿದ್ದ ಸ್ಥಳವೆಂದು ಅದನ್ನು ತೋರಿಸುತ್ತಾರೆ. ಅದೂ ಡಂಜನ್ನೇ. ಆದರೆ 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಬಂದ ಮೇಲೆ ಈ ಪದಕ್ಕೆ ನಿಧಿ ಮತ್ತು ರಾಕ್ಷಸ ಪ್ರಾಣಿಗಳಿರುವ ಪಾತಾಳದ ಚಕ್ರವ್ಯೂಹ ಎಂಬ ಅರ್ಥ ಬಲವಾಯಿತು. ಮುಂದೆ ಗಣಕಯಂತ್ರದ ಆಟಗಳು ಜಪಾನಿನಲ್ಲಿಯೂ ಅದನ್ನು ಮನೆಮಾತು ಮಾಡಿದವು. ‘ಮೆಶಿ’ ಎಂದರೆ ಅನ್ನ. ನಾವು ‘ಅನ್ನ ಹಾಕಿದ ಮನೆ’ ಎನ್ನುವಾಗ ಹೇಗೆ ಅನ್ನವೆಂದರೆ ಊಟವೇ ಆಗುತ್ತದೆಯೋ ಹಾಗೆಯೇ ಅವರಲ್ಲಿಯೂ.

ಬಂದೀಖಾನೆ ಎಂದರೆ ತಪ್ಪು. ಗುಹೆ ಎಂದರೆ ಸಾಲದು. ನೆಲಮಾಳಿಗೆ, ಸುರಂಗ, ಬಿಲ, ಪಾತಾಳ ಎಲ್ಲವನ್ನೂ ಹೇಳಿ ನೋಡಿದೆವು. ಅವ್ವ ಸುಮ್ಮನೆ ಕೇಳುತ್ತಿದ್ದವಳು, “ನೆಲದೊಳಗೆ ಊಟ ಇರೋದು ಅಂದ್ರೆ ಹಗೇವು ಅಲ್ವಾ?” ಎಂದಳು.

ಹಗೇವು ಎಂದರೆ ಧಾನ್ಯ ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಗುಳಿ. ಬಾಯಿ ಕಿರಿದು, ಒಳಗೆ ಅಗಲ. ಸುತ್ತಲೂ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಹತ್ತುವುದು ಕಡಿಮೆ. ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅದನ್ನು ತೆರೆಯುತ್ತಿದ್ದರು. ನಾನು ಚಿಕ್ಕವನಾಗಿದ್ದಾಗ ಒಮ್ಮೆ ನಮ್ಮ ತಾತ ಹಗೇವು ತೆರೆದದ್ದನ್ನು ನೋಡಿದ್ದೇನೆ. ಚಪ್ಪಡಿ ಸರಿಸಿದೊಡನೆ ಯಾರೂ ಇಳಿಯುವಂತಿಲ್ಲ. ಮುಚ್ಚಿದ ಗುಳಿಯಲ್ಲಿ ಧಾನ್ಯ ಉಸಿರಾಡಿ ಒಳಗಿನ ಗಾಳಿ ಕೆಟ್ಟಿರುತ್ತದೆ. ಅಂಗಾರಾಮ್ಲ ತುಂಬಿ ಪ್ರಾಣವಾಯು ಇಲ್ಲವಾಗಿರುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಕಾಯಬೇಕು. ಉರಿದರೆ ಇಳಿಯಬೇಕು. ಆ ದಿನ ದೀಪ ಎರಡು ಸಲ ಆರಿತು. ಗುಳಿಯ ಅಂಚಿನಲ್ಲಿ ಬಗ್ಗಿ ನೋಡುತ್ತಿದ್ದ ನನ್ನನ್ನು ಅವ್ವ ಜುಟ್ಟು ಹಿಡಿದು ಹಿಂದಕ್ಕೆಳೆದದ್ದು ಈಗಲೂ ನೆನಪಿದೆ.

ಹುಡುಗಿಗೆ ಈ ಕಥೆ ಹೊಸದು. ಹಗೇವನ್ನು ಅವಳು ಕಂಡವಳಲ್ಲ. “ಮಾವ, ಇದು ಸೆನ್ಶಿ ಹೇಳುವ ಹಾಗೆಯೇ ಇದೆ” ಎಂದಳು. ನಿಜ. ಸೆನ್ಶಿ ಯಾವ ಪ್ರಾಣಿಯನ್ನೂ ಆತುರದಿಂದ ಕೊಲ್ಲುವುದಿಲ್ಲ. ಮೊದಲು ಅದು ಏನು ತಿನ್ನುತ್ತದೆ, ಅದನ್ನು ಯಾವುದು ತಿನ್ನುತ್ತದೆ ಎಂದು ನೋಡುತ್ತಾನೆ. ಒಂದು ಕಡೆ ಯಾರೂ ಇಲ್ಲದೆ ನಡೆದಾಡುವ ಉಕ್ಕಿನ ಕವಚಗಳಿವೆ. ಉಳಿದವರು ಅವನ್ನು ಕಂಡು ಓಡುತ್ತಾರೆ. ಬಿಚ್ಚಿ ನೋಡಿದರೆ ಕವಚದ ತುಂಡುಗಳ ಒಳಗೆ ಬಸವನಹುಳುವಿನ ಜಾತಿಯ ಜೀವಿಗಳು ಸೇರಿಕೊಂಡು ಒಟ್ಟಾಗಿ ನಡೆಯುತ್ತಿರುತ್ತವೆ. ಮಣ್ಣಿನಿಂದ ಮಾಡಿದ ಕಾವಲು ಬೊಂಬೆಗಳ ಬೆನ್ನ ಮೇಲೆ ಅವನು ತರಕಾರಿ ಬೆಳೆಯುತ್ತಾನೆ. ಪಾತಾಳದ ಶೌಚದ ಗುಂಡಿಗಳನ್ನು ತೊಳೆಯುವವನೂ ಅವನೇ. ಅಲ್ಲಿಯ ಗೊಬ್ಬರವೇ ಅವನ ತೋಟಕ್ಕೆ. ಗೋಡೆಯಿಂದ ಕಾದ ಎಣ್ಣೆ ಸುರಿದು ಸಾಹಸಿಗಳನ್ನು ಕೊಲ್ಲುವ ಬಲೆಯೊಂದಿದೆ. ಚಿಲ್ಚಕ್ ಪ್ರಾಣಭಯದಿಂದ ಅದನ್ನು ಬಿಡಿಸಲು ಬೆವರಿಳಿಸುತ್ತಿದ್ದರೆ, ಸೆನ್ಶಿ ಎಣ್ಣೆ ಒಳ್ಳೆಯದಿದೆ ಎಂದು ಬಾಣಲೆ ಹಿಡಿಯುತ್ತಾನೆ!

ಇಂತಹ ತಿಳಿವಳಿಕೆ ಕಥೆಯಲ್ಲಿ ಮಾತ್ರ ಇರುವುದಲ್ಲ. ಮುದುಮಲೆಯ ಕಾಡಿನ ಜೇನು ಕುರುಬರಿಗೆ ಹೆಜ್ಜೇನು ಯಾವ ಹೂವಿನ ಕಾಲದಲ್ಲಿ ಎಲ್ಲಿ ಗೂಡು ಕಟ್ಟುತ್ತದೆ, ಯಾವ ಹೊತ್ತಿನಲ್ಲಿ ಹೊಗೆ ಹಾಕಬೇಕು ಎಂಬುದು ತಲೆತಲಾಂತರದಿಂದ ಗೊತ್ತು. ಮಳೆಗಾಲದ ಅಣಬೆಯಲ್ಲಿ ತಿನ್ನುವುದು ಯಾವುದು, ಕೊಲ್ಲುವುದು ಯಾವುದು ಎಂದು ಹೇಳಬಲ್ಲ ಅಜ್ಜಿಯರು ನಿಮ್ಮ ಊರಿನಲ್ಲಿಯೂ ಇದ್ದಾರು. ಹಾಗೆ ಬಲ್ಲವರಿಲ್ಲದೆ ಯಾರೂ ಕಾಡಿನ ಅಣಬೆಯನ್ನು ಮುಟ್ಟಬಾರದು.

ಇನ್ನು ಕಥೆಯ ಪಾತಾಳದ ಹಾಗೆ, ನಿಧಿಯ ಆಸೆಗೆ ಜನ ನುಗ್ಗಿದ ಸುರಂಗಗಳು ಈ ಜಿಲ್ಲೆಯಲ್ಲಿಯೇ ಇವೆ. ಗೂಡಲೂರಿನ ಆಚೆ ದೇವಾಲ, ಪಂದಲೂರುಗಳ ಕಡೆ 1880ರ ಸುಮಾರಿನಲ್ಲಿ ಚಿನ್ನದ ಗಣಿಗಾಗಿ ಲಂಡನ್ನಿನಲ್ಲಿ ಒಂದರ ಹಿಂದೆ ಒಂದು ಕಂಪನಿಗಳು ಹುಟ್ಟಿದವು. ಎರಡು ಮೂರು ವರ್ಷಗಳಲ್ಲಿಯೇ ಆಸೆ ಕರಗಿತು, ಹಣ ಮುಳುಗಿತು. ತೋಡಿದ ಸುರಂಗಗಳು ಉಳಿದವು. ಆಮೇಲೆ ಚಿನ್ನಕ್ಕಾಗಿ ಕದ್ದು ಇಳಿದು ಮಣ್ಣು ಕುಸಿದು ಸತ್ತವರಿದ್ದಾರೆ. ಅಲ್ಲಿ ಮಂತ್ರ ಹೇಳಿ ಬದುಕಿಸುವವರಿಲ್ಲ.

ನನ್ನ ತಂಗಿಗೆ ಈ ಪುಸ್ತಕ ಹಿಡಿಸಲಿಲ್ಲ. ಕೆಲಸದಿಂದ ಬಂದು, ನಾವು ಚೇಳಿನ ಸಾರಿನ ಪುಟದಲ್ಲಿರುವುದನ್ನು ಕಂಡು, “ಥೂ, ಊಟದ ಹೊತ್ತಿನಲ್ಲಿ ಇದೇನಣ್ಣ!” ಎಂದಳು. ಅವಳದು ತಪ್ಪೆನ್ನಲಾರೆ. ಮಾರ್ಸಿಲ್ ಕೂಡ ಮೊದಲಿಗೆ ಹಾಗೆಯೇ ಅಳುತ್ತಾಳೆ, ತಟ್ಟೆಯನ್ನು ದೂಡುತ್ತಾಳೆ. ಆಮೇಲೆ ಹಸಿವಿಗೆ ಸೋತು ಒಂದು ತುತ್ತು ಬಾಯಿಗಿಡುತ್ತಾಳೆ, ಅವಳ ಮುಖ ಬದಲಾಗುತ್ತದೆ. ಆ ಮುಖಗಳನ್ನು ಬರೆಯುವುದರಲ್ಲಿ ಲೇಖಕಿಯ ಕೈ ಬಲು ಚೆನ್ನ. ಊಟದ ಡಬ್ಬಿ ತೆರೆದಾಗ ಪಕ್ಕದವನ ಬುತ್ತಿಯನ್ನು ನೋಡಿ ಮೂಗು ಮುಚ್ಚಿಕೊಳ್ಳುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಹಾಗೆ ಮೂಗು ಮುಚ್ಚಿದ್ದಕ್ಕೆ ಮಾರನೆಯ ದಿನದಿಂದ ಡಬ್ಬಿಯನ್ನೇ ತರದ ಮಗುವನ್ನೂ ನೋಡಿದ್ದೇನೆ. ಇಂದು ‘ಊಟಿ ಕ್ಯಾರೆಟ್’ ಎಂದು ಹೆಸರಾದ ತರಕಾರಿಯೂ, ಆಲೂಗೆಡ್ಡೆಯೂ, ಕೋಸೂ ಈ ಬೆಟ್ಟಗಳಿಗೆ ಸಲಿವನ್ ಸಾಹೇಬನ ಕಾಲದಲ್ಲಿ, 1820ರ ದಶಕದಲ್ಲಿ ಬಂದು ಬೇರೂರಿದವು. ಅವನ್ನು ಇಲ್ಲಿ ಮೊದಲು ಬಾಯಿಗಿಟ್ಟವರ ಮುಖ ಹೇಗಿದ್ದಿತೋ!

ಎಲ್ಲ ಸಂಪುಟಗಳೂ ಒಂದೇ ಸಮ ಇಲ್ಲ. ನಡುವಿನ ಸಂಪುಟಗಳಲ್ಲಿ ರಕ್ತ ಹೆಚ್ಚು, ಮಂತ್ರತಂತ್ರದ ವಿವರಣೆ ಇನ್ನೂ ಹೆಚ್ಚು. ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ನನಗೆ ಮೊದಲ ಸಂಪುಟಗಳೇ ಮೇಲು ಎನಿಸಿತು; ಸೊಸೆಗೆ ಕೊನೆಯವು. ಈ ಬಗ್ಗೆ ನಾವಿಬ್ಬರೂ ಇನ್ನೂ ದೂರವಾಣಿಯಲ್ಲಿ ಜಗಳವಾಡುತ್ತೇವೆ.

ನಾಲ್ಕನೆಯ ದಿನ ನಾನು ಹೊರಡುವವನಿದ್ದೆ. ಹಿಂದಿನ ರಾತ್ರಿ ಹುಡುಗಿ ಮೊದಲನೆಯ ಅಧ್ಯಾಯವನ್ನು ಒಂದು ಹಳೆಯ ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದಳು. ಅಕ್ಷರಗಳು ಸೊಟ್ಟ, ಒತ್ತಕ್ಷರಗಳಲ್ಲಿ ತಪ್ಪು. ಕೆಂಪು ಶಾಯಿಯ ಲೇಖನಿ ನನ್ನ ಜೇಬಿನಲ್ಲಿಯೇ ಇತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಹೆಸರಿನ ಜಾಗದಲ್ಲಿ ‘ಹಗೇವಿನ ಊಟ’ ಎಂದು ಬರೆದಿದ್ದಳು.

ಅಜ್ಜಿಯ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿದಳು. ಚಿತ್ರ ಬಂದಲ್ಲೆಲ್ಲ ನಿಲ್ಲಿಸಿ, ಅದರಲ್ಲಿ ಏನಿದೆಯೆಂದು ಹೇಳುತ್ತಿದ್ದಳು. ಗವ್ವೆನ್ನುವ ಕತ್ತಲೆ ಬಂತು, ಡವಡವ ಬಂತು, ತಂಗಿ ಅಣ್ಣನನ್ನು ತಳ್ಳಿದ್ದು ಬಂತು. ಅಲ್ಲಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣಬೆ ಹೆಚ್ಚಿದರು, ಚೇಳಿನ ಬಾಲ ತೆಗೆದರು, ಸಾರು ಕೊತಕೊತ ಕುದಿಯಿತು, ನಾಲ್ವರೂ ಉಂಡರು. ಓದು ಮುಗಿಯಿತು.

ಅವ್ವ ಸ್ವಲ್ಪ ಹೊತ್ತು ಯೋಚಿಸಿ, “ಎಲ್ಲಾ ಸರಿ ಮಗಾ. ಅಷ್ಟು ಆಳದಲ್ಲಿ ಉಪ್ಪು ಎಲ್ಲಿಂದ ತಂದ್ರಂತೆ?” ಎಂದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹುಡುಗಿ ಪುಸ್ತಕವನ್ನು ಎತ್ತಿಕೊಂಡು, ಬಲಗಡೆಯಿಂದ ಮೊದಲ ಪುಟವನ್ನು ಮತ್ತೆ ತೆರೆದಳು.

ಪದಗಳ ಅರ್ಥ

ಹಗೇವು – ಧಾನ್ಯ ತುಂಬಿಡುವ ನೆಲದ ಗುಳಿ
ಬುತ್ತಿ – ದಾರಿಗೆ ಕಟ್ಟಿಕೊಂಡು ಹೋಗುವ ಊಟ
ಅಂಗಾರಾಮ್ಲ – ಉಸಿರಾಟದಲ್ಲಿ ಹೊರಬರುವ ಗಾಳಿ
ಬಿಕೋ ಎನ್ನು – ಜನರಿಲ್ಲದೆ ಬರಿದಾಗಿ ತೋರು

ಅಭ್ಯಾಸ

1. ಹಗೇವಿಗೆ ಇಳಿಯುವ ಮೊದಲು ದೀಪವನ್ನು ಏಕೆ ಇಳಿಬಿಡುತ್ತಿದ್ದರು?
2. ಮೂರು ವರ್ಣಚಿತ್ರಗಳಲ್ಲಿ ಲೇಖಕರು ಗಮನಿಸದೆ ಹೋದುದು ಏನು? ಅದು ಏಕೆ ತಪ್ಪಿಹೋಯಿತು?
3. ‘ನಿಶ್ಶಬ್ದ’ ಎಂಬ ಪದವನ್ನು ಹುಡುಗಿ ಏಕೆ ಒಪ್ಪಲಿಲ್ಲ? ನಿಮ್ಮ ಅಭಿಪ್ರಾಯವೇನು?
4. ನಿಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಸಂಜೆ ಕುಳಿತು, ಕೇಳಿಬರುವ ಸದ್ದುಗಳಿಗೆ ಮನೆಯವರು ಹೇಳುವ ಪದಗಳನ್ನು ಬರೆದುಕೊಂಡು ಬನ್ನಿರಿ.